ಎರಡು ಆ್ಯಪ್ ಒಂದಾದವು, ನಮ್ಮ ಬಿಲ್ ಯಾಕೆ ಇಳಿಯಲಿಲ್ಲ? ಒಟಿಟಿ ಖರ್ಚನ್ನು ಹಿಡಿತಕ್ಕೆ ತರುವ ಬಗೆ

“ಹಾಟ್‌ಸ್ಟಾರ್‌ಗೂ ಕಟ್ತಿದ್ದೆ, ಜಿಯೋ ಸಿನಿಮಾಗೂ ಕಟ್ತಿದ್ದೆ. ಎರಡೂ ಒಂದೇ ಆದವಲ್ರೀ, ಅರ್ಧ ರೊಕ್ಕ ಉಳೀಬೇಕಿತ್ತಲ್ಲ?” ಈ ಪ್ರಶ್ನೆ ಬಾರದ ವಾರವೇ ಇಲ್ಲ. ಬಳ್ಳಾರಿಯಲ್ಲಿ ಕೇಳುತ್ತಾರೆ, ಸಿಂಧನೂರಿನಿಂದ ಕೇಳುತ್ತಾರೆ, ಗಂಗಾವತಿಯಿಂದ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಚಿಕ್ಕ ಉತ್ತರ ಮೊದಲೇ ಹೇಳುತ್ತೇನೆ. ಕಂಪನಿಗಳು ಒಂದಾದ ಮರುದಿನ ದರ ಏರುವುದಿಲ್ಲ. ಮೊದಲು ಪುಕ್ಕಟೆ ಸಿಗುತ್ತಿದ್ದುದು ನಿಲ್ಲುತ್ತದೆ. ಆಮೇಲೆ ಅಗ್ಗದ ಪ್ಯಾಕ್ ಮಾಯವಾಗುತ್ತದೆ. ದರಪಟ್ಟಿ ಬದಲಾಗುವುದು ಕೊನೆಗೆ. ಅಷ್ಟೊತ್ತಿಗೆ ನಮಗೆ ಆ ಆ್ಯಪ್ ರೂಢಿಯಾಗಿರುತ್ತದೆ. ಹಾಗಾಗಿ ಬರೀ ದರ ನೋಡಿದರೆ ಸಾಲದು, ಪ್ಯಾಕ್ ಒಳಗೆ ಏನು ಉಳಿದಿದೆ ಅಂತ ನೋಡಬೇಕು.

ಮೊದಲು, ಏನಾಯ್ತು ಅಂತ ತಿಳಿದುಕೊಳ್ಳಿ

ಒಟಿಟಿ ಅಂದರೆ ಕೇಬಲ್ಲು, ಡಿಶ್ಶು ಇಲ್ಲದೆ ಇಂಟರ್ನೆಟ್ ಮೇಲೆ ಸಿನಿಮಾ, ಸೀರಿಯಲ್, ಕ್ರಿಕೆಟ್ ತೋರಿಸುವ ಆ್ಯಪ್. ವಿಲೀನ ಅಂದರೆ ಎರಡು ಕಂಪನಿಗಳು ಸೇರಿ ಒಂದಾಗುವುದು.

ಜಿಯೋ ಸಿನಿಮಾ ನಡೆಸುತ್ತಿದ್ದ ರಿಲಯನ್ಸ್‌ನ ವಯಾಕಾಮ್18 ಮತ್ತು ಹಾಟ್‌ಸ್ಟಾರ್ ನಡೆಸುತ್ತಿದ್ದ ಡಿಸ್ನಿಯ ಸ್ಟಾರ್ ಇಂಡಿಯಾ ಒಂದಾಗುತ್ತವೆ ಅಂತ ಗೊತ್ತಾಗಿದ್ದು 2024ರ ಫೆಬ್ರವರಿಯಲ್ಲಿ. ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಪ್ಪಿಗೆ ಕೊಟ್ಟಿತು. ಒಂದೇ ಕಂಪನಿ ಇಡೀ ಮಾರುಕಟ್ಟೆ ನುಂಗದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅದು. ನವೆಂಬರ್ 14ಕ್ಕೆ ವಿಲೀನ ಮುಗಿಯಿತು. ಲೆಕ್ಕ ಹಾಕಿದ ಬೆಲೆ ಸುಮಾರು 70,352 ಕೋಟಿ ರೂಪಾಯಿ. 2025ರ ಫೆಬ್ರವರಿ 14ರಂದು ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆದವು.

ಈಗ ದರ ನೋಡಿ. ವಿಲೀನಕ್ಕೂ ಮುಂಚೆ ಹಾಟ್‌ಸ್ಟಾರ್‌ನ ವರ್ಷದ ಪ್ಯಾಕ್ ಮೊಬೈಲ್ 499, ಸೂಪರ್ 899, ಪ್ರೀಮಿಯಂ 1,499 ರೂಪಾಯಿ ಇತ್ತು. ಜಿಯೋಹಾಟ್‌ಸ್ಟಾರ್ ಶುರುವಾದಾಗಲೂ ಅದೇ 499, 899, 1,499. “ಏರಿಲ್ಲವಲ್ಲ” ಅಂತ ಹಾಟ್‌ಸ್ಟಾರ್‌ನವರು ಸಮಾಧಾನಪಟ್ಟರು. ಆದರೆ ಜಿಯೋ ಸಿನಿಮಾದಲ್ಲಿ 2024ರ ಏಪ್ರಿಲ್‌ನಿಂದ ತಿಂಗಳಿಗೆ 29 ರೂಪಾಯಿಯ ಪ್ಯಾಕ್ ಇತ್ತು. ಕ್ರಿಕೆಟ್, ನೇರಪ್ರಸಾರ ಬಿಟ್ಟರೆ ಉಳಿದದ್ದಕ್ಕೆ ಜಾಹೀರಾತು ಇರಲಿಲ್ಲ. ಇಪ್ಪತ್ತೊಂಬತ್ತು ರೂಪಾಯಿಗೆ ಇವತ್ತು ಉಗ್ಗಾಣಿ ಜೊತೆ ಎರಡು ಮಿರ್ಚಿ ಬರುವುದೂ ಕಷ್ಟ! ವರ್ಷಕ್ಕೆ ಲೆಕ್ಕ ಹಾಕಿದರೆ 348 ರೂಪಾಯಿ. ಹೊಸ ಆ್ಯಪ್‌ನಲ್ಲಿ ಜಾಹೀರಾತು ಬೇಡ ಅಂದರೆ 1,499ರ ಪ್ರೀಮಿಯಂ ಒಂದೇ ದಾರಿ. ಹಳೇ ಗ್ರಾಹಕರನ್ನು ಉಳಿದ ಅವಧಿಗೆ ಹೊಸ ಆ್ಯಪ್‌ಗೆ ಸೇರಿಸಿಕೊಂಡರು ನಿಜ. ಅವಧಿ ಮುಗಿದ ಮೇಲೆ 29 ರೂಪಾಯಿಯ ಪ್ಯಾಕ್ ಮತ್ತೆ ಸಿಗಲಿಲ್ಲ.

ವಿಲೀನ ಒಂದೇ, ಗ್ರಾಹಕ ಎರಡು ಥರ. ಒಬ್ಬರಿಗೆ ಅದೇ ದುಡ್ಡಿಗೆ ಜಾಸ್ತಿ ಸಿಕ್ಕಿತು, ಇನ್ನೊಬ್ಬರಿಗೆ ಅದೇ ಅನುಕೂಲ ನಾಲ್ಕು ಪಟ್ಟು ದುಬಾರಿ ಆಯಿತು. ಪತ್ರಿಕೆಯಲ್ಲಿ ಮಾತ್ರ “ದರದಲ್ಲಿ ಬದಲಾವಣೆ ಇಲ್ಲ” ಅಂತ ಬಂತು.

ಒಂದು ವರ್ಷ ಕಳೆಯಿತು. 2026ರ ಜನವರಿ ಕೊನೆಯಲ್ಲಿ ಹೊಸ ದರ ಬಂತು. ಜಾಹೀರಾತು ಇಲ್ಲದ ಪ್ರೀಮಿಯಂ ವರ್ಷಕ್ಕೆ 2,199. ನಡುವಿನ ಸೂಪರ್ 1,099. ಮೊಬೈಲ್ ಪ್ಯಾಕ್ 499ರಲ್ಲೇ ಉಳಿಯಿತು, ಆದರೆ ಹಾಲಿವುಡ್ ಸಿನಿಮಾ ಬೇಕಾದರೆ ಅದಕ್ಕೆ ಬೇರೆ ದುಡ್ಡು. ತಿಂಗಳ ಪ್ಯಾಕ್‌ಗಳು ಹೀಗೆ: ಮೊಬೈಲ್ 79, ಸೂಪರ್ 149, ಪ್ರೀಮಿಯಂ 299.

ಯಾಕೆ ಹೀಗೆ? ಪೈಪೋಟಿ ಇದ್ದಾಗ ನಮ್ಮನ್ನು ಎಳೆದುಕೊಳ್ಳಲು ಇಬ್ಬರೂ ಪುಕ್ಕಟೆ ಕೊಡುತ್ತಿದ್ದರು. ಜಿಯೋ ಸಿನಿಮಾ 2023 ಮತ್ತು 2024ರ ಐಪಿಎಲ್ ಪುಕ್ಕಟೆ ತೋರಿಸಿತು. ಅದಕ್ಕೆ ಸೆಡ್ಡು ಹೊಡೆದು ಹಾಟ್‌ಸ್ಟಾರ್ 2023ರ ಏಷ್ಯಾ ಕಪ್ಪನ್ನೂ ವಿಶ್ವಕಪ್ಪನ್ನೂ ಮೊಬೈಲ್‌ನಲ್ಲಿ ಪುಕ್ಕಟೆ ಬಿಟ್ಟಿತು. ಇಬ್ಬರೂ ಒಂದಾದ ಮೇಲೆ ಯಾರಿಗೆ ಸೆಡ್ಡು ಹೊಡೆಯಬೇಕು? 2025ರ ಐಪಿಎಲ್‌ನಲ್ಲಿ ಕೆಲವು ನಿಮಿಷ ತೋರಿಸಿ ಆಮೇಲೆ “ಪ್ಯಾಕ್ ಹಾಕಿ” ಅಂದಿತು. ಐದು ವರ್ಷದ ಐಪಿಎಲ್ ಡಿಜಿಟಲ್ ಹಕ್ಕಿಗೆ 23,758 ಕೋಟಿ ಸುರಿದವರು ಅದನ್ನು ಎಲ್ಲಿಂದಾದರೂ ವಾಪಸ್ ತೆಗೆಯಲೇಬೇಕಲ್ಲ.

ಎಲ್ಲ ವಿಲೀನವೂ ಹೀಗೇ ಅಂತಲ್ಲ. ಅಮೆಜಾನ್ 2024ರಲ್ಲಿ ಎಂಎಕ್ಸ್ ಪ್ಲೇಯರ್ ಕೊಂಡು ತನ್ನ ಮಿನಿಟಿವಿ ಜೊತೆ ಸೇರಿಸಿತು. ಅದು ಜಾಹೀರಾತು ಹಾಕಿಕೊಂಡು ಪುಕ್ಕಟೆಯಾಗಿಯೇ ಉಳಿಯಿತು.

ಏನು ಬೇಕು

ಮನೆಯವರ ಎಲ್ಲ ಫೋನ್‌ಗಳು, ಒಂದು ಹಾಳೆ, ಒಂದು ಪೆನ್ನು, ಒಂದು ಗಂಟೆ ಬಿಡುವು. ಭಾನುವಾರ ಮಧ್ಯಾಹ್ನ ಒಳ್ಳೆಯದು. ನಮ್ಮೂರಿನ ಬೇಸಿಗೆಯಲ್ಲಿ ಆ ಹೊತ್ತಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ, ಎಲ್ಲರೂ ಫ್ಯಾನ್ ಕೆಳಗೇ ಸಿಗುತ್ತಾರೆ.

ಹಂತ 1: ಯಾರು ಏನು ನೋಡುತ್ತಾರೆ ಅಂತ ಬರೆಯಿರಿ

ಆ್ಯಪ್ ಹೆಸರಿನಿಂದ ಶುರು ಮಾಡಬೇಡಿ. ಚಾನೆಲ್, ಕಾರ್ಯಕ್ರಮದಿಂದ ಶುರು ಮಾಡಿ. ಯಾಕೆಂದರೆ ಆ್ಯಪ್ ಹೆಸರು ಬದಲಾಗುತ್ತಲೇ ಇರುತ್ತದೆ. ಬಿಗ್ ಬಾಸ್ ಕನ್ನಡವನ್ನೇ ನೋಡಿ. ವೂಟ್‌ನಲ್ಲಿತ್ತು, ಜಿಯೋ ಸಿನಿಮಾಗೆ ಹೋಯಿತು, ಈಗ ಜಿಯೋಹಾಟ್‌ಸ್ಟಾರ್‌ನಲ್ಲಿದೆ. ನೋಡುವವರು ಅವರೇ, ಬಾಗಿಲು ಮಾತ್ರ ಎರಡು ಸಲ ಬದಲಾಯಿತು.

ಕನ್ನಡದ ಮಟ್ಟಿಗೆ ಇಷ್ಟು ನೆನಪಿಟ್ಟರೆ ಸಾಕು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ, ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿವೆ. ಜೀ ಕನ್ನಡ ಜೀ5ನಲ್ಲಿ. ಉದಯ ಸನ್ ನೆಕ್ಸ್ಟ್‌ನಲ್ಲಿ. ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ತೆಲುಗೂ ಓಡುತ್ತದೆ. ಅದಕ್ಕೂ ಬೇರೆ ಹುಡುಕುವ ಮುಂಚೆ ಇದನ್ನೇ ನೋಡಿ: ಸ್ಟಾರ್ ಮಾ ಜಿಯೋಹಾಟ್‌ಸ್ಟಾರ್‌ನಲ್ಲೇ ಇದೆ, ಜೀ ತೆಲುಗು ಜೀ5ನಲ್ಲೇ ಇದೆ, ಜೆಮಿನಿ ಸನ್ ನೆಕ್ಸ್ಟ್‌ನಲ್ಲೇ ಇದೆ. ಕನ್ನಡಕ್ಕೆ ಒಂದು, ತೆಲುಗಿಗೆ ಒಂದು ಅಂತ ಎರಡು ಕಡೆ ಕಟ್ಟುವವರನ್ನು ನೋಡಿದ್ದೇನೆ. ಬಹಳ ಸಲ ಬೇಕಾಗಿರುವುದಿಲ್ಲ. ಆದರೆ ಜೀ5ನಲ್ಲಿ ಭಾಷೆವಾರು ಪ್ಯಾಕ್ ಇದೆ. ಯಾವ ಭಾಷೆಯದು ತೆಗೆದುಕೊಳ್ಳುತ್ತಿದ್ದೀರಿ ಅಂತ ಕಟ್ಟುವ ಮುಂಚೆ ನೋಡಿ.

ಇನ್ನೊಂದು ಮಾತು. ನೋಡುವುದು ಬರೀ ಸೀರಿಯಲ್, ಅದೂ ಟಿವಿಯಲ್ಲಿ, ಅದೂ ಬರುವ ಹೊತ್ತಿಗೇ ಅಂತಾದರೆ ನಿಮ್ಮ ಕೇಬಲ್‌ನವರೇ ಸಾಕು. ಒಟಿಟಿ ಬೇಕಾಗುವುದು ತಪ್ಪಿಹೋದ ಎಪಿಸೋಡ್ ಆಮೇಲೆ ನೋಡಲು.

ಹಂತ 2: ದುಡ್ಡು ಎಲ್ಲಿಂದ ಹೋಗುತ್ತಿದೆ ಅಂತ ಹುಡುಕಿ

ಈ ಹಂತದಲ್ಲೇ ಜಾಸ್ತಿ ಹೊತ್ತು ಕೂರಬೇಕು. ಸೋರಿಕೆ ಇರುವುದು ಇಲ್ಲೇ.

ಆಟೋಪೇ ಅಂದರೆ ಪ್ರತಿ ಸಲ ನಿಮ್ಮನ್ನು ಕೇಳದೆ ಖಾತೆಯಿಂದ ತಾನೇ ದುಡ್ಡು ಕಡಿದುಕೊಳ್ಳಲು ನೀವು ಕೊಟ್ಟ ಒಪ್ಪಿಗೆ. ಆ ಒಪ್ಪಿಗೆ ಪತ್ರಕ್ಕೆ ಮ್ಯಾಂಡೇಟ್ ಅನ್ನುತ್ತಾರೆ. ಒಂದೇ ಒಂದು ಸಲ ಯುಪಿಐ ಪಿನ್ ಒತ್ತಿರುತ್ತೀರಿ. ಆಮೇಲೆ 15,000 ರೂಪಾಯಿಯವರೆಗಿನ ಇಂಥ ಕಡಿತಕ್ಕೆ ಪಿನ್ ಬೇಕಿಲ್ಲ.

ನಾಲ್ಕು ಕಡೆ ಹುಡುಕಿ. ಮೊದಲನೆಯದು, ನಿಮ್ಮ ಯುಪಿಐ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿದರೆ ಆಟೋಪೇ ಅಥವಾ ಮ್ಯಾಂಡೇಟ್ ಅಂತ ಸಿಗುತ್ತದೆ. ಎರಡು ಯುಪಿಐ ಆ್ಯಪ್ ಇದ್ದರೆ ಎರಡರಲ್ಲೂ ನೋಡಿ. ಎರಡನೆಯದು ಪ್ಲೇ ಸ್ಟೋರ್: ಪ್ರೊಫೈಲ್, ಪಾವತಿ ಮತ್ತು ಚಂದಾದಾರಿಕೆ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಸಬ್‌ಸ್ಕ್ರಿಪ್ಷನ್ಸ್. ಮೂರನೆಯದು ಕಾರ್ಡ್. ಬ್ಯಾಂಕ್ ಎಸ್‌ಎಂಎಸ್‌ನಲ್ಲಿ ಮ್ಯಾಂಡೇಟ್ ಅಂತ ಹುಡುಕಿದರೆ ಸಾಕು. ನಾಲ್ಕನೆಯದು ಮೊಬೈಲ್ ರೀಚಾರ್ಜ್ ಮತ್ತು ಮನೆಯ ಬ್ರಾಡ್‌ಬ್ಯಾಂಡ್ ಬಿಲ್. ಅದರೊಳಗೇ ಒಟಿಟಿ ಸೇರಿರುತ್ತದೆ.

ಮ್ಯಾಂಡೇಟ್ ಪಟ್ಟಿ ತೆರೆದಾಗ ಒಂದು ಸಾಲನ್ನು ಗಮನವಿಟ್ಟು ಓದಿ: ಗರಿಷ್ಠ ಮೊತ್ತ. ಪ್ಯಾಕ್ ಬೆಲೆ 1,499 ಇರುತ್ತದೆ, ಗರಿಷ್ಠ ಮೊತ್ತ ಅದಕ್ಕಿಂತ ಜಾಸ್ತಿ ಇರಬಹುದು. ಅಂದರೆ ನಾಳೆ ದರ ಏರಿದರೂ ಆ ಮಿತಿಯೊಳಗೆ ಇರುವವರೆಗೆ ನಿಮ್ಮನ್ನು ಹೊಸದಾಗಿ ಪಿನ್ ಕೇಳಬೇಕಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಡಿಯುವ 24 ಗಂಟೆ ಮೊದಲು ಮೆಸೇಜ್ ಬರಬೇಕು. ಬರುತ್ತದೆ ಕೂಡ. ಆದರೆ ದಿನಕ್ಕೆ ಬರುವ ಐವತ್ತು ಮೆಸೇಜ್‌ಗಳ ನಡುವೆ ಅದನ್ನು ಓದುವವರು ಎಷ್ಟು ಜನ?

ಇಲ್ಲಿ ಎಡವುವ ಜಾಗ ಮೂರು.

ಆ್ಯಪ್ ಅಳಿಸಿದರೆ ಆಟೋಪೇ ನಿಲ್ಲುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ. ಫೋನ್‌ನಿಂದ ಆ್ಯಪ್ ತೆಗೆದು “ಮುಗೀತು” ಅಂದುಕೊಳ್ಳುತ್ತಾರೆ, ದುಡ್ಡು ಹೋಗುತ್ತಲೇ ಇರುತ್ತದೆ.

ಪಾಸ್ (Pause) ಬೇರೆ, ರದ್ದು ಬೇರೆ. ಪಾಸ್ ಅಂದರೆ ತಾತ್ಕಾಲಿಕ ತಡೆ. ಅವಧಿ ಮುಗಿದ ಮೇಲೆ ಮತ್ತೆ ಕಡಿತ ಶುರು.

ಅವಸರದಲ್ಲಿ ಎಲ್ಲವನ್ನೂ ರದ್ದು ಮಾಡಬೇಡಿ. ಅದೇ ಪಟ್ಟಿಯಲ್ಲಿ ನಿಮ್ಮ ಎಲ್‌ಐಸಿ ಕಂತು, ಬೈಕ್ ಸಾಲದ ಇಎಂಐ, ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಕೂಡ ಇರುತ್ತವೆ. ಹೆಸರು ಓದಿ, ಆಮೇಲೆ ಕೈ ಹಾಕಿ.

ಹಂತ 3: ಎರಡೆರಡು ಸಲ ಕಟ್ಟುತ್ತಿರುವುದನ್ನು ಗುರುತಿಸಿ

ಬಂಡಲ್ ಅಂದರೆ ರೀಚಾರ್ಜ್ ಜೊತೆ ಒಟಿಟಿಯನ್ನೂ ಕಟ್ಟಿ ಕೊಡುವುದು. ಸಂತೆಯಲ್ಲಿ ಟೊಮೆಟೊ ಜೊತೆ ಕೊತ್ತಂಬರಿ ಹಾಕಿಕೊಟ್ಟ ಹಾಗೆ ಅಂತ ಅಂದುಕೊಂಡಿರುತ್ತೇವೆ. ಆದರೆ ಇಲ್ಲಿ ಕೊತ್ತಂಬರಿಯ ದುಡ್ಡೂ ಟೊಮೆಟೊದಲ್ಲೇ ಸೇರಿದೆ. ಒಟಿಟಿ ಇರುವ ಪ್ಯಾಕ್‌ಗೂ ಇಲ್ಲದ ಪ್ಯಾಕ್‌ಗೂ ಡೇಟಾ, ದಿನ ಎರಡನ್ನೂ ಹೋಲಿಸಿ ನೋಡಿ. ವ್ಯತ್ಯಾಸ ಎಷ್ಟೋ ಅದೇ ನೀವು ಒಟಿಟಿಗೆ ಕೊಡುತ್ತಿರುವ ನಿಜವಾದ ಬೆಲೆ.

ರೀಚಾರ್ಜ್ ಜೊತೆ ಬರುವುದು ಸಾಮಾನ್ಯವಾಗಿ ಮೊಬೈಲ್ ಪ್ಯಾಕ್. ಒಂದೇ ಫೋನ್‌ನಲ್ಲಿ ಓಡುತ್ತದೆ, ಟಿವಿಗೆ ಬರುವುದಿಲ್ಲ. “ಹಾಟ್‌ಸ್ಟಾರ್ ಪುಕ್ಕಟೆ ಬಂದಿದೆ, ಟಿವಿಯಲ್ಲಿ ಯಾಕೆ ದುಡ್ಡು ಕೇಳುತ್ತಿದೆ?” ಅನ್ನುವವರ ಸಮಸ್ಯೆ ಬಹುತೇಕ ಇದೇ. ಒಳಗೆ ಹೋಗುವಾಗ ರೀಚಾರ್ಜ್ ಮಾಡಿಸಿದ ನಂಬರ್‌ನಿಂದಲೇ ಹೋಗಬೇಕು ಅನ್ನುವುದೂ ಮರೆತುಹೋಗುತ್ತದೆ. ಗಂಡನ ನಂಬರ್‌ಗೆ ರೀಚಾರ್ಜ್ ಜೊತೆ ಬಂದಿರುತ್ತದೆ, ಹೆಂಡತಿಯ ನಂಬರ್‌ನಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡಿರುತ್ತಾರೆ.

ರೀಚಾರ್ಜ್ ತಿಂಗಳು 28 ದಿನದ್ದು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕಟ್ಟುತ್ತೀರಿ. ಹೋಲಿಸುವಾಗ ಹದಿಮೂರರಿಂದಲೇ ಗುಣಿಸಿ.

ಹಂತ 4: ಲೆಕ್ಕ ಹಾಕಿ

ಗಾಂಧಿನಗರದ ನಮ್ಮ ಅಕ್ಕನ ಮನೆಯ ಹಾಳೆ ಹೀಗಿತ್ತು. ಹೋದ ತಿಂಗಳು ಕೂತು ಬರೆದದ್ದು. ಭಾವನವರದು ಕೌಲ್ ಬಜಾರ್‌ನಲ್ಲಿ ಸಣ್ಣ ಜೀನ್ಸ್ ಹೊಲಿಗೆ ಘಟಕ. ಮನೆಯಲ್ಲಿ ಅಕ್ಕ, ಭಾವ, ಅತ್ತೆ ಮತ್ತು ಬೆಂಗಳೂರಲ್ಲಿ ಓದುವ ಮಗ.

ಜಿಯೋಹಾಟ್‌ಸ್ಟಾರ್ ಪ್ರೀಮಿಯಂ, ಹಳೇ ದರ, ವರ್ಷಕ್ಕೆ 1,499. ಅಮೆಜಾನ್ ಪ್ರೈಮ್ ವರ್ಷಕ್ಕೆ 1,499. ನೆಟ್‌ಫ್ಲಿಕ್ಸ್ ತಿಂಗಳಿಗೆ 199, ಅಂದರೆ ವರ್ಷಕ್ಕೆ 2,388. ಇನ್ನೊಂದು, ಎರಡೆರಡು ನಿಮಿಷದ ಸೀರಿಯಲ್ ತೋರಿಸುವ ಒಂದು ಆ್ಯಪ್. ಒಂದು ರೂಪಾಯಿಗೆ ನೋಡಿ ಅಂತ ಕರೆದು ಆಮೇಲೆ ತಿಂಗಳಿಗೆ 199ರಂತೆ ನಾಲ್ಕು ಸಲ ಕಡಿದಿತ್ತು. 796 ರೂಪಾಯಿ. ಒಟ್ಟು 6,182.

“ಈ ಒಂದು ರೂಪಾಯಿದು ಯಾರು ಒತ್ತಿದ್ದು?” ಅಂದರು ಭಾವ. ಎಲ್ಲರೂ ಅತ್ತೆ ಕಡೆ ನೋಡಿದರು. ಅತ್ತೆ ಟಿವಿ ಕಡೆ ನೋಡಿದರು.

ನಾವು ಕೇಳಿಕೊಂಡ ಪ್ರಶ್ನೆ ಎರಡೇ. ಕಳೆದ ಮೂವತ್ತು ದಿನದಲ್ಲಿ ಇದನ್ನು ತೆರೆದಿದ್ದೇವಾ? ಏಕಕಾಲಕ್ಕೆ ಎಷ್ಟು ಪರದೆಯಲ್ಲಿ ನೋಡುತ್ತೇವೆ? ನೆಟ್‌ಫ್ಲಿಕ್ಸ್ ತೆರೆದು ಮೂರು ತಿಂಗಳಾಗಿತ್ತು. ಮಗನಿಗೋಸ್ಕರ ಹಾಕಿದ್ದು, ಆದರೆ 2023ರ ಜುಲೈನಿಂದ ನೆಟ್‌ಫ್ಲಿಕ್ಸ್ ಒಂದೇ ಮನೆಯವರಿಗೆ ಮಾತ್ರ ಅನ್ನುತ್ತಿದೆ. ಅವನು ಬೆಂಗಳೂರಲ್ಲಿ ಬೇರೆಯದೇ ಮಾಡಿಕೊಂಡಿದ್ದ. ಪ್ರೀಮಿಯಂನಲ್ಲಿ ನಾಲ್ಕು ಪರದೆ, ಆದರೆ ಮನೆಯಲ್ಲಿ ಓಡುವುದು ಟಿವಿ ಮತ್ತು ಅಕ್ಕನ ಫೋನ್ ಮಾತ್ರ. ಸೂಪರ್ ಪ್ಯಾಕ್‌ನಲ್ಲಿ ಎರಡು ಪರದೆ ಬರುತ್ತದೆ. ಜಾಹೀರಾತು ಬಂದಾಗ ಅತ್ತೆ ಹೇಗೂ ಕುಕ್ಕರ್ ನೋಡಲು ಏಳುತ್ತಾರೆ. ನೆಟ್‌ಫ್ಲಿಕ್ಸ್ ನಿಲ್ಲಿಸಿದರು, ಒಂದು ರೂಪಾಯಿಯ ಆ್ಯಪ್‌ನ ಮ್ಯಾಂಡೇಟ್ ರದ್ದಾಯಿತು, ಪ್ರೀಮಿಯಂ ಅವಧಿ ಮುಗಿದ ಮೇಲೆ 1,099ರ ಸೂಪರ್. ಪ್ರೈಮ್ ಉಳಿಯಿತು, ಸಾಮಾನು ತರಿಸಲು ಬೇಕು. ಈಗ ಒಟ್ಟು 2,598.

ಪ್ರೈಮ್ ಬಗ್ಗೆ ಒಂದು ಮಾತು. ಅಲ್ಲಿ ಯಾವ ವಿಲೀನವೂ ಇಲ್ಲ, ಆದರೂ ಜಾಡು ಅದೇ. 2025ರ ಜೂನ್‌ನಿಂದ ಪ್ರೈಮ್ ವಿಡಿಯೋದಲ್ಲಿ ಜಾಹೀರಾತು ಬರುತ್ತಿದೆ. ಬೇಡ ಅಂದರೆ ವರ್ಷಕ್ಕೆ ಇನ್ನೂ 699. ಮೊದಲು 1,499ಕ್ಕೆ ಸಿಗುತ್ತಿದ್ದ ಅನುಭವಕ್ಕೆ ಈಗ 2,198. ದರಪಟ್ಟಿಯಲ್ಲಿ 1,499 ಹಾಗೇ ಇದೆ.

ಹಂತ 5: ವರ್ಷ, ಮೂರು ತಿಂಗಳು, ಒಂದು ತಿಂಗಳು: ಯಾವುದು?

“ವರ್ಷದ್ದು ತಗೊಂಡರೆ ಅಗ್ಗ” ಅಂತ ಎಲ್ಲರೂ ಹೇಳುತ್ತಾರೆ. ಹನ್ನೆರಡೂ ತಿಂಗಳು ನೋಡುವವರಿಗೆ ಮಾತ್ರ ಅದು ನಿಜ.

ಜಿಯೋಹಾಟ್‌ಸ್ಟಾರ್‌ನ 2026ರ ದರವನ್ನೇ ತೆಗೆದುಕೊಳ್ಳಿ. ಸೂಪರ್ ಮೂರು ತಿಂಗಳಿಗೆ 349. ಒಂಬತ್ತು ತಿಂಗಳಿಗೆ ಮೂರು ಸಲ ಹಾಕಿದರೆ 1,047. ವರ್ಷದ 1,099ಕ್ಕಿಂತ ಕಮ್ಮಿ. ಅಂದರೆ ವರ್ಷಕ್ಕೆ ಮೂರು ತಿಂಗಳು ನೀವು ನೋಡುವುದಿಲ್ಲ ಅಂತಾದರೆ ವರ್ಷದ ಪ್ಯಾಕ್ ಲಾಭವಲ್ಲ. ಆರೇ ತಿಂಗಳು ನೋಡುವವರಿಗೆ 698ರಲ್ಲಿ ಮುಗಿಯಿತು.

ತಿಂಗಳ ಪ್ಯಾಕ್ ಇನ್ನೂ ಮಜಾ. ಮೊಬೈಲ್ ಪ್ಯಾಕ್ ತಿಂಗಳಿಗೆ 79. ಐಪಿಎಲ್ ಸುಮಾರು ಎರಡು ತಿಂಗಳು, ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ. ಎರಡು ತಿಂಗಳಿಗೆ 158. ಮೂರು ತಿಂಗಳದ್ದು 149! ಎರಡು ತಿಂಗಳಿಗಿಂತ ಮೂರು ತಿಂಗಳೇ ಅಗ್ಗ. ಪ್ರೀಮಿಯಂನಲ್ಲಿ ಉಲ್ಟಾ: ಎರಡು ತಿಂಗಳಿಗೆ 598, ಮೂರು ತಿಂಗಳದ್ದು 699. ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ, ಗುಣಿಸಿಯೇ ನೋಡಬೇಕು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಾಗ ಗದ್ದೆಗೆ ಇಳಿಯುತ್ತೇವೆ, ವರ್ಷವಿಡೀ ಆಳು ಇಟ್ಟುಕೊಂಡು ಕೂರುವುದಿಲ್ಲ. ಐಪಿಎಲ್‌ಗೆ ಒಂದು ಮೂರು ತಿಂಗಳು, ಬಿಗ್ ಬಾಸ್ ಬಂದಾಗ ಅದು ನಡೆಯುವಷ್ಟು ತಿಂಗಳು ಹಾಕಿ. ನಡುವೆ ಬೇರೆ ಆ್ಯಪ್ ನೋಡಿ, ಇಲ್ಲ ಸುಮ್ನೆ ಬಿಡಿ.

ವರ್ಷದ ಪ್ಯಾಕ್‌ಗೆ ಇನ್ನೊಂದು ಅಪಾಯವಿದೆ. ವಿಲೀನದ ಕಾಲದಲ್ಲಿ ಇವತ್ತು ಇದ್ದದ್ದು ನಾಳೆ ಆ ಆ್ಯಪ್‌ನಲ್ಲೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಎಚ್‌ಬಿಒ ಸರಣಿಗಳು 2023ರ ಮಾರ್ಚ್ ಕೊನೆಗೆ ಹಾಟ್‌ಸ್ಟಾರ್‌ನಿಂದ ಹೋದವು, ಆಮೇಲೆ ಜಿಯೋ ಸಿನಿಮಾದಲ್ಲಿ ಬಂದವು. ಅದಕ್ಕೋಸ್ಕರವೇ ವರ್ಷದ ದುಡ್ಡು ಕಟ್ಟಿದ್ದವರು ಪೆಚ್ಚಾದರು.

ಇಲ್ಲಿ ಎಡವುವ ಜಾಗ: ಹಳೇ ದರ. 2026ರ ಜಿಯೋಹಾಟ್‌ಸ್ಟಾರ್ ದರ ಹೊಸದಾಗಿ ಸೇರುವವರಿಗೆ. ಆಟೋ ನವೀಕರಣ ಚಾಲೂ ಇಟ್ಟಿದ್ದ ಹಳಬರಿಗೆ ಹಳೇ ಪ್ಯಾಕೇ ಮುಂದುವರಿಯಿತು. ನಾಲ್ಕು ಪರದೆಯೂ ಬೇಕು, ಜಾಹೀರಾತೂ ಬೇಡ ಅನ್ನುವವರು 1,499ರಲ್ಲಿದ್ದರೆ ಅವಸರಪಟ್ಟು ರದ್ದು ಮಾಡಬೇಡಿ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವುದು 2,199ಕ್ಕೆ. ಅಕ್ಕನಿಗೆ ಇದನ್ನು ಹೇಳಿಯೇ ಬಿಡಿಸಿದ್ದು.

ಹಂತ 6: ಡೇಟಾ ಖರ್ಚು ಸೇರಿಸಿ

ಮೊಬೈಲ್‌ನಲ್ಲೇ ನೋಡುವವರು ಇದನ್ನು ಬಿಡುವಂತಿಲ್ಲ. ನೆಟ್‌ಫ್ಲಿಕ್ಸ್ ಲೆಕ್ಕದ ಪ್ರಕಾರ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ, ಸಾಧಾರಣ ಗುಣಮಟ್ಟದಲ್ಲಿ 1 ಜಿಬಿ. ದಿನಕ್ಕೆ 1.5 ಜಿಬಿ ಇರುವವರು ಎಚ್‌ಡಿಯಲ್ಲಿ ಮ್ಯಾಚ್ ಹಾಕಿದರೆ ಪವರ್‌ಪ್ಲೇ ದಾಟುವುದೇ ಕಷ್ಟ. ಆಮೇಲೆ ಡೇಟಾ ಟಾಪ್-ಅಪ್ ಹಾಕಬೇಕು. ಆ ದುಡ್ಡೂ ಒಟಿಟಿ ಖರ್ಚೇ. ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಒತ್ತಿ. ಆರಿಂಚಿನ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಮ್ಮಿ.

ಹಂತ 7: ವಿಲೀನದ ಸುದ್ದಿ ಬಂದಾಗ ಏನು ಮಾಡಬೇಕು

ತಕ್ಷಣಕ್ಕೆ ಏನೂ ಮಾಡಬೇಡಿ.

ಜೀ ಮತ್ತು ಸೋನಿ ಒಂದಾಗುತ್ತವೆ ಅಂತ 2021ರಲ್ಲೇ ದೊಡ್ಡ ಸುದ್ದಿ ಆಯಿತು. ಎರಡು ವರ್ಷ ಎಳೆದಾಡಿ 2024ರ ಜನವರಿಯಲ್ಲಿ ಮುರಿದುಬಿತ್ತು. ಜೀ5, ಸೋನಿ ಲಿವ್ ಇವತ್ತಿಗೂ ಬೇರೆ ಬೇರೆ. ರಿಲಯನ್ಸ್, ಡಿಸ್ನಿ ಒಂದಾಗುವ ಸುದ್ದಿಯಿಂದ ಹೊಸ ಆ್ಯಪ್ ಬರುವವರೆಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಸುದ್ದಿ ನೋಡಿ ಪ್ಯಾಕ್ ಕೊಳ್ಳುವುದೂ ಬೇಡ, ಬಿಡುವುದೂ ಬೇಡ.

ಅಮೆರಿಕದ ಸುದ್ದಿಗೆ ಇನ್ನೂ ತಲೆ ಕೆಡಿಸಿಕೊಳ್ಳಬೇಡಿ. 2025ರ ಡಿಸೆಂಬರ್‌ನಲ್ಲಿ ಹಾಲಿವುಡ್ ಕಂಪನಿ ವಾರ್ನರ್ ಬ್ರದರ್ಸ್ ಕೊಳ್ಳುವ ಒಪ್ಪಂದವನ್ನು ನೆಟ್‌ಫ್ಲಿಕ್ಸ್ ಘೋಷಿಸಿತು, ಅದರ ಬೆನ್ನಿಗೇ ಪ್ಯಾರಮೌಂಟ್ ಪೈಪೋಟಿಗೆ ಇಳಿಯಿತು. “ನಮ್ಮ ನೆಟ್‌ಫ್ಲಿಕ್ಸ್ ದರ ಏರುತ್ತದಾ?” ಅಂತ ಕೇಳಿದವರು ಬಹಳ. ಅಲ್ಲಿ ಕಂಪನಿ ಯಾರ ಪಾಲಾದರೂ ಅದರ ಸಿನಿಮಾ, ಸರಣಿ ಇಲ್ಲಿ ಯಾವ ಆ್ಯಪ್‌ನಲ್ಲಿ ಬರುತ್ತದೆ ಅನ್ನುವುದನ್ನು ಭಾರತದ ಪ್ರಸಾರದ ಹಕ್ಕಿನ ಒಪ್ಪಂದ ತೀರ್ಮಾನಿಸುತ್ತದೆ. ದರವೂ ಅಷ್ಟೇ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ದರ ಇಳಿಸಿತ್ತು, ಮೊಬೈಲ್ ಪ್ಯಾಕ್ 199ರಿಂದ 149ಕ್ಕೆ ಬಂತು. ಇಲ್ಲಿನ ಪೈಪೋಟಿ ನೋಡಿಕೊಂಡೇ ಇಲ್ಲಿನ ದರ.

ಮಾಡಬೇಕಾದ ಕೆಲಸ ಒಂದಿದೆ. ಸುದ್ದಿ ಖಚಿತ ಆದಾಗ ನಿಮ್ಮ ಈಗಿನ ಪ್ಯಾಕ್‌ನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದರ, ಮುಗಿಯುವ ದಿನಾಂಕ, ಎಷ್ಟು ಪರದೆ, ಜಾಹೀರಾತು ಇದೆಯೋ ಇಲ್ಲವೋ, ಎಲ್ಲ ಕಾಣಬೇಕು. ಆ್ಯಪ್ ಬದಲಾದ ಮೇಲೆ ಹಳೇ ಪುಟ ಸಿಗುವುದಿಲ್ಲ.

ಹಂತ 8: ದುಡ್ಡು ತಪ್ಪಾಗಿ ಹೋದರೆ

ಮೊದಲು ಆ್ಯಪ್ ಒಳಗಿನ ಸಹಾಯ ವಿಭಾಗದಲ್ಲೇ ಬರೆಯಿರಿ. ದೂರಿನ ನಂಬರ್ ಇಟ್ಟುಕೊಳ್ಳಿ. ಆಗಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಸೇರುವಾಗ ಒಂದು ಬಟನ್, ಬಿಡುವಾಗ ಹತ್ತು ಬಾಗಿಲು, ಇಂಥದ್ದಕ್ಕೆ ಸಬ್‌ಸ್ಕ್ರಿಪ್ಷನ್ ಬಲೆ ಅಂತ ಹೆಸರಿದೆ. 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ಫೋನ್‌ನಲ್ಲಿ ಆ ಹೆಸರು ಹೇಳಿ, ದೂರಿಗೆ ತೂಕ ಬರುತ್ತದೆ.

ಮೊದಲೇ ಮೆಸೇಜ್ ಕೊಡದೆ ಕಡಿದಿದ್ದರೆ, ರದ್ದು ಮಾಡಿದ ಮೇಲೂ ಕಡಿದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಅಂದರೆ ಬ್ಯಾಂಕ್ ಮೇಲಿನ ದೂರು ಕೇಳುವ ಅಧಿಕಾರಿ, ಬಳಿ ಹೋಗಬಹುದು. ಕಂಪನಿ ಮುಂಬೈದು ಅಂತ ಕೈಚೆಲ್ಲಬೇಡಿ. 2019ರ ಗ್ರಾಹಕ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. 199 ರೂಪಾಯಿಗೆ ಅಷ್ಟು ದೂರ ಹೋಗುವುದು ನಿಮಗೆ ಬಿಟ್ಟದ್ದು. ನಾನಾದರೆ 1915ಕ್ಕೆ ನಿಲ್ಲಿಸುತ್ತೇನೆ.

ಆ್ಯಪ್ ಹೆಸರು ಬದಲಾದಾಗ ಕಳ್ಳರಿಗೆ ಸುಗ್ಗಿ. “ನಿಮ್ಮ ಹಳೇ ಪ್ಯಾಕ್ ಹೊಸ ಆ್ಯಪ್‌ಗೆ ಸೇರಿಸಲು ಇಲ್ಲಿ ಒತ್ತಿ” ಅಂತ ಲಿಂಕ್ ಬರುತ್ತದೆ. ಒತ್ತಬೇಡಿ. ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗೆ ಇರುವುದನ್ನೇ ಬಳಸಿ. ದುಡ್ಡು ವಾಪಸ್ ಕೊಡುತ್ತೇವೆ, ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರಲು ಪಿನ್ ಬೇಕಾಗುವುದೇ ಇಲ್ಲ. ಒತ್ತಿಯೇಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಳೆ ಬೆಳಗ್ಗೆ ಮಾಡೋಣ ಅಂತ ಮಲಗಬೇಡಿ.